ನಾದದ ಬ್ರೆಡ್ಡಿನ ನಾದ

ಹೋಳಿಗೆ ಮಾಡುವ ದಿನ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ಕಣಕ ಕಲಸುವುದು. ಚಿರೋಟಿ ರವೆ, ಒಂದಿಷ್ಟು ಮೈದಾ, ಚಿಟಿಕೆ ಅರಿಸಿನ, ನೀರು. ಆಗಷ್ಟೇ ಕಲಸಿದ್ದನ್ನು ಎಳೆದು ನೋಡಿದರೆ ಹರಿದು ಕೈಗೆ ಬರುತ್ತಿತ್ತು. ಅಮ್ಮ ಅದರ ಮೇಲೆ ಧಾರಾಳವಾಗಿ ಎಣ್ಣೆ ಸುರಿದು, ತಟ್ಟೆ ಮುಚ್ಚಿ, ಬೇಳೆ ಬೇಯಿಸಲು ಹೋಗುತ್ತಿದ್ದರು. ಬೇಳೆ ಬಸಿದು, ಬೆಲ್ಲ ಹಾಕಿ, ಹೂರಣ ರುಬ್ಬಿ, ಉಂಡೆ ಕಟ್ಟುವಷ್ಟರಲ್ಲಿ ಎರಡು ಮೂರು ಗಂಟೆ ಕಳೆದಿರುತ್ತಿತ್ತು. ಆಮೇಲೆ ಅದೇ ಕಣಕ ಎಳೆದಷ್ಟೂ ಬರುತ್ತಿತ್ತು. ಆಚೆಯ ಬೆರಳು ಕಾಣುವಷ್ಟು ತೆಳ್ಳಗಾಗಿ ಹೂರಣದ ಉಂಡೆಯನ್ನು ಹೊದ್ದುಕೊಳ್ಳುತ್ತಿತ್ತು. ನಡುವೆ ಯಾರೂ ಅದನ್ನು ಮುಟ್ಟಿರಲಿಲ್ಲ. ಏನಾಯಿತೆಂದು ಕೇಳಿದರೆ ಅಮ್ಮನ ಉತ್ತರ ಒಂದೇ ಪದ: ‘ನೆಂದಿದೆ.’

ಆ ಒಂದು ಪದದೊಳಗಿದ್ದ ರಸಾಯನಶಾಸ್ತ್ರ 2006ರ ನವೆಂಬರ್ 8ರಂದು ಅಮೆರಿಕದಲ್ಲಿ ದೊಡ್ಡ ಸುದ್ದಿಯಾಯಿತು. ಅಂದಿನ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಡುಗೆ ಅಂಕಣಕಾರ ಮಾರ್ಕ್ ಬಿಟ್‌ಮನ್, ಮ್ಯಾನ್‌ಹಟನ್ನಿನ ಸಲಿವನ್ ಸ್ಟ್ರೀಟ್ ಬೇಕರಿಯ ಒಡೆಯ ಜಿಮ್ ಲೇಹಿಯ ಬ್ರೆಡ್ಡಿನ ಬಗ್ಗೆ ಬರೆದರು. ಹಿಟ್ಟು, ನೀರು, ಉಪ್ಪು, ಕಾಲು ಚಮಚ ಯೀಸ್ಟ್. ಕೈಯಿಂದ ಅರೆಬರೆ ಕಲಸಿ ಮುಚ್ಚಿಡುವುದು. ಹನ್ನೆರಡರಿಂದ ಹದಿನೆಂಟು ಗಂಟೆ ಅತ್ತ ತಲೆಹಾಕದಿರುವುದು. ಕೊನೆಗೆ ಕಾದು ಕೆಂಡವಾದ ದಪ್ಪ ಪಾತ್ರೆಯೊಳಗೆ ಹಾಕಿ ಮುಚ್ಚಳ ಮುಚ್ಚಿ ಸುಡುವುದು. ನಾದುವಂತಿಲ್ಲ. ಹೊರಬಂದದ್ದು ಯುರೋಪಿನ ಹಳೆಯ ಬೇಕರಿಗಳ ಬ್ರೆಡ್ಡಿನಂತೆ ಗರಿಗರಿ ಹೊರಪದರದ, ಒಳಗೆ ದೊಡ್ಡ ದೊಡ್ಡ ತೂತುಗಳ ಉಂಡೆ. ಮನೆಯಲ್ಲಿ ಅಂಥದ್ದು ಆಗುವುದೇ ಇಲ್ಲ ಎಂದು ಅಲ್ಲಿನ ಗೃಹಸ್ಥರು ಕೈಬಿಟ್ಟಿದ್ದರು. ನಾದದೆ ಬ್ರೆಡ್ ಮಾಡುವ ಉಪಾಯ ಲೇಹಿಯೊಬ್ಬರದೇ ಅಲ್ಲ; ಸುಝಾನ್ ಡನವೇ ಎಂಬಾಕೆ 1999ರಲ್ಲೇ ಇದರ ಮೇಲೆ ಪುಸ್ತಕ ಬರೆದಿದ್ದರು. ಲೇಹಿಯ ಹೆಚ್ಚುಗಾರಿಕೆ ಇದ್ದದ್ದು ಇಡೀ ರಾತ್ರಿಯ ನೆನೆಯುವಿಕೆಯನ್ನೂ ಮುಚ್ಚಿದ ಪಾತ್ರೆಯನ್ನೂ ಜೋಡಿಸಿದ್ದರಲ್ಲಿ.

ಕನ್ನಡದಲ್ಲಿ ಇದಕ್ಕೆ ‘ನಾದದ ಬ್ರೆಡ್’ ಎನ್ನೋಣ. ಈ ಹೆಸರಿಗೆ ಇನ್ನೊಂದು ಅರ್ಥವೂ ಇದೆ. ಅದು ಬೇಕಾಗುವುದು ಬ್ರೆಡ್ಡು ಒಲೆಯಿಂದ ಹೊರಬಂದ ಮೇಲೆ.

ಮೊದಲು, ನಾದುವುದಾದರೂ ಏಕೆ? ಇದಕ್ಕೆ ಉತ್ತರ ಹುಡುಕಲು ಒಂದು ಹಳೆಯ ಪ್ರಯೋಗವನ್ನು ನಲ್ಲಿಯ ಕೆಳಗೆ ಮಾಡಬಹುದು. ಇಟಲಿಯ ಬೊಲೋನ್ಯದಲ್ಲಿ ಯಾಕೊಪೊ ಬಾರ್ತೊಲೊಮಿಯೊ ಬೆಕ್ಕಾರಿ ಎಂಬ ಪ್ರಾಧ್ಯಾಪಕ 1728ರಲ್ಲಿ ಮಾಡಿ ತೋರಿಸಿದ್ದು, 1745ರಲ್ಲಿ ಅಚ್ಚಾದದ್ದು. ಗೋಧಿಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಹಿಚುಕುತ್ತಾ ಹೋದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಪಿಷ್ಟ. ನೀರು ತಿಳಿಯಾಗುವವರೆಗೂ ತೊಳೆದ ಮೇಲೆ ಕೈಯಲ್ಲಿ ಉಳಿಯುವುದು ಬೂದುಬಣ್ಣದ, ಅಗಿದ ಚೂಯಿಂಗ್ ಗಮ್ಮಿನಂಥ ಅಂಟು. ಇದೇ ಗ್ಲುಟೆನ್. ಗಿಡದಿಂದ ಬಂದ ವಸ್ತು ಮಾಂಸದ ಗುಣ ತೋರಿಸುತ್ತಿದೆಯಲ್ಲ ಎಂದು ಬೆಕ್ಕಾರಿಗೆ ಅಚ್ಚರಿ. ಪ್ರೋಟೀನ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ.

ಈ ಪ್ರಯೋಗವನ್ನು ಜೋಳದ ಹಿಟ್ಟಿನಲ್ಲಿ ಮಾಡಿ ನೋಡಿ. ಎಲ್ಲವೂ ತೊಳೆದು ಹೋಗಿ ಕೈ ಬರಿದಾಗುತ್ತದೆ. ಜೋಳದಲ್ಲೂ ಪ್ರೋಟೀನ್ ಇದೆ, ಆದರೆ ನೀರು ಕಂಡರೆ ಕೈಕೈ ಹಿಡಿಯುವ ಗುಣ ಅದಕ್ಕಿಲ್ಲ. ಅದಕ್ಕೇ ರೊಟ್ಟಿ ಬಡಿಯುವವರು ಎಸರು ಕುದಿಸಿ ಹಿಟ್ಟಿಗೆ ಸುರಿಯುವುದು. ಬಿಸಿನೀರಿಗೆ ಪಿಷ್ಟ ಅರೆಬೆಂದು ಗಂಜಿಯಾಗಿ ಅಂಟಿನ ಕೆಲಸ ಮಾಡುತ್ತದೆ. ರೊಟ್ಟಿಯ ಅಂಚು ಬಿರಿಯದಂತೆ ಬಡಿಯುವುದು ಎಷ್ಟು ಕಷ್ಟ ಎಂದು ತಿಳಿದವರಿಗೆ ಗ್ಲುಟೆನ್ ಇಲ್ಲದ ಹಿಟ್ಟು ಎಂದರೇನು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಗೋಧಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರೋಟೀನು. ಗ್ಲಯಾಡಿನ್ ಚಿಕ್ಕದು, ಉಂಡೆಯಾಗಿ ಮಡಚಿಕೊಂಡಿರುವಂಥದ್ದು. ಹಿಟ್ಟು ಹರಿಯುವಂತೆ, ಹಿಗ್ಗುವಂತೆ ಮಾಡುವುದು ಅದು. ಗ್ಲುಟೆನಿನ್ ಉದ್ದನೆಯದು, ಎಳೆಗೆ ಎಳೆ ಸೇರಿ ಪ್ರಕೃತಿಯ ಅತಿ ದೊಡ್ಡ ಅಣುಗಳ ಸಾಲಿಗೆ ಸೇರುವಷ್ಟು ಬೆಳೆಯುತ್ತದೆ. ಎಳೆದದ್ದನ್ನು ಹಿಂದಕ್ಕೆ ಜಗ್ಗುವ ಬಿಗಿ ಇದರದು. ಎಳೆಗಳನ್ನು ಸೇರಿಸುವ ಕೊಂಡಿಗಳು ಗಂಧಕದ ಪರಮಾಣುಗಳು: ಒಂದು ಎಳೆಯ ಗಂಧಕ ಪಕ್ಕದೆಳೆಯ ಗಂಧಕದ ಕೈ ಹಿಡಿಯುತ್ತದೆ. ಹಿಡಿದ ಕೈ ಬಿಟ್ಟು ಇನ್ನೊಂದನ್ನು ಹಿಡಿಯಲೂಬಲ್ಲದು.

ಒಣ ಹಿಟ್ಟಿನಲ್ಲಿ ಇವೆಲ್ಲ ಮರಗಟ್ಟಿ ಕೂತಿರುತ್ತವೆ. ನೀರು ಸೋಕಿದರೆ ಮೈ ಸಡಿಲಿಸಿ ಅಲುಗಾಡತೊಡಗುತ್ತವೆ, ಅಕ್ಕಪಕ್ಕದವನ್ನು ತಡಕುತ್ತವೆ. ನಾದುವ ಕೈ ಮಾಡುವ ಕೆಲಸ ಅವುಗಳನ್ನು ಬೇಗ ಬೇಗ ಎದುರುಬದುರು ತಂದು ನಿಲ್ಲಿಸುವುದು, ಎಳೆದು ಒಂದು ದಿಕ್ಕಿಗೆ ಹೊಂದಿಸುವುದು, ಅಷ್ಟೇ. ಸಂತೆಯಲ್ಲಿ ಪರಿಚಯಸ್ಥರನ್ನು ಹುಡುಕಲು ಗುಂಪಿನೊಳಗೆ ನುಗ್ಗಿ ತಿರುಗಬಹುದು. ಸಂಜೆಯವರೆಗೂ ಕಟ್ಟೆಯ ಮೇಲೆ ಕೂತರೂ ಎಲ್ಲರೂ ಎದುರು ಹಾದೇ ಹೋಗುತ್ತಾರೆ. ಕಣಕ ಮಾಡುವುದು ಎರಡನೆಯದನ್ನು. ನೀರು ಧಾರಾಳವಾಗಿದ್ದು ಹೊತ್ತು ಸಾಕಷ್ಟಿದ್ದರೆ ಗ್ಲುಟೆನ್ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ.

ಲೇಹಿಯ ಅಳತೆಯಲ್ಲಿ ಇದು ಕಣ್ಣಿಗೆ ಬೀಳುತ್ತದೆ. 2009ರ ಅವರ ಪುಸ್ತಕದಲ್ಲಿರುವ ಲೆಕ್ಕ 400 ಗ್ರಾಂ ಹಿಟ್ಟಿಗೆ 300 ಗ್ರಾಂ ನೀರು, 8 ಗ್ರಾಂ ಉಪ್ಪು, 1 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಹಿಟ್ಟಿನ ಮುಕ್ಕಾಲು ಪಾಲು ನೀರು! ಚಪಾತಿ ಹಿಟ್ಟು ಕಲಸಿ ಅಭ್ಯಾಸವಿದ್ದ ನನ್ನ ಕೈ ಮೊದಲ ಸಲ ತಾನಾಗಿಯೇ ಹಿಟ್ಟಿನ ಡಬ್ಬಿಗೆ ಹೋಗಿತ್ತು, ಇನ್ನೊಂದು ಹಿಡಿ ಸೇರಿಸಲು. ಅದು ನಾದುವ ಹದವೇ ಅಲ್ಲ. ನಾದಲು ಹೋದರೆ ಮೊಣಕೈವರೆಗೂ ಅಂಟಿಕೊಳ್ಳುತ್ತದೆ. ಈ ಸಡಿಲವೇ ಎಳೆಗಳಿಗೆ ಓಡಾಡಲು ಬೇಕಾದ ಜಾಗ.

ಹಾಗಿದ್ದರೆ ಶತಮಾನಗಟ್ಟಲೆ ಬೇಕರಿಗಳಲ್ಲಿ ಜನ ತೋಳು ಸೋಲುವಂತೆ ನಾದಿದ್ದು ದಡ್ಡತನವೆ? ಅಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆರೆಯಬೇಕಾದವರಿಗೆ ಕಟ್ಟೆಯ ಮೇಲೆ ಕೂರಲು ಪುರುಸೊತ್ತಿಲ್ಲ. ನಾದುವುದೆಂದರೆ ಮೈಬೆವರು ಕೊಟ್ಟು ಹೊತ್ತನ್ನು ಕೊಳ್ಳುವ ವ್ಯಾಪಾರ. ಈ ವ್ಯಾಪಾರ ತನ್ನ ತುತ್ತತುದಿ ಮುಟ್ಟಿದ್ದು ಇಂಗ್ಲೆಂಡಿನ ಚಾರ್ಲಿವುಡ್ ಎಂಬ ಊರಿನಲ್ಲಿ, 1961ರಲ್ಲಿ. ಅಲ್ಲಿನ ಬೇಕರಿ ಸಂಶೋಧನಾಲಯದ ವಿಜ್ಞಾನಿಗಳು ಹಿಟ್ಟು ಗಂಟೆಗಟ್ಟಲೆ ಹುದುಗುವ ಹಂತವನ್ನೇ ತೆಗೆದುಹಾಕಿದರು. ಬದಲಿಗೆ ಬಿರುಸಿನ ಯಂತ್ರದಲ್ಲಿ, ಕೆಲವೇ ನಿಮಿಷಗಳಲ್ಲಿ, ಪ್ರತಿ ಕಿಲೋ ಹಿಟ್ಟಿಗೆ ಸುಮಾರು 11 ವಾಟ್-ಗಂಟೆಯಷ್ಟು ಶಕ್ತಿಯನ್ನು ತುರುಕಿದರು. ಕೇಳಲು ಸಣ್ಣ ಸಂಖ್ಯೆ. ಆದರೆ ಐವತ್ತು ಕಿಲೋ ತೂಕದವರೊಬ್ಬರನ್ನು ಎಂಬತ್ತು ಮೀಟರ್ ಮೇಲಕ್ಕೆತ್ತಲು ಬೇಕಾಗುವಷ್ಟು ಕೆಲಸ ಅದು, ಒಂದು ಕಿಲೋ ಮುದ್ದೆಗೆ! ಜೊತೆಗೆ ಕೊಂಡಿಗಳು ಬಿಗಿಯಲು ಆಸ್ಕಾರ್ಬಿಕ್ ಆಮ್ಲ, ಸ್ವಲ್ಪ ಕೊಬ್ಬು, ಹೆಚ್ಚಿನ ಯೀಸ್ಟ್. ಬ್ರಿಟನ್ನಿನ ಕಡಿಮೆ ಪ್ರೋಟೀನಿನ ಗೋಧಿಯೂ ಇದರಿಂದ ಬ್ರೆಡ್ಡಿಗೆ ಒದಗಿತು. ಪ್ಲಾಸ್ಟಿಕ್ ಚೀಲದ ಬಿಳಿ ಸ್ಲೈಸ್ ಬ್ರೆಡ್ ಹಲವು ದೇಶಗಳಲ್ಲಿ ಅಗ್ಗವಾದದ್ದರ ಹಿಂದೆ ಈ ಯಂತ್ರವಿದೆ. ಚಾರ್ಲಿವುಡ್ಡಿನವರು ಹೊತ್ತನ್ನು ಕಳೆದು ಶಕ್ತಿಯನ್ನು ಸೇರಿಸಿದರು. ಲೇಹಿ ಶಕ್ತಿಯನ್ನು ಕಳೆದು ಹೊತ್ತನ್ನು ಸೇರಿಸಿದರು. ಸಮೀಕರಣ ಒಂದೇ, ಓದಿದ ದಿಕ್ಕು ಬೇರೆ.

ನಡುವೆ ಫ್ರಾನ್ಸಿನ ಬೇಕರಿ ತಜ್ಞ ರೇಮೋ ಕಾಲ್ವೆಲ್ ಅವರನ್ನು ನೆನೆಯಬೇಕು. ಯಂತ್ರದಲ್ಲಿ ವಿಪರೀತ ನಾದಿದ ಹಿಟ್ಟು ಗಾಳಿಯ ಆಮ್ಲಜನಕವನ್ನು ಮೆತ್ತಿಕೊಂಡು ಬೆಳ್ಳಗಾಗುತ್ತದೆ, ಗೋಧಿಯ ಕೆನೆಬಣ್ಣದ ಜೊತೆಗೆ ಪರಿಮಳವೂ ಸುಟ್ಟುಹೋಗುತ್ತದೆ ಎಂದು ಬೇಕರಿಯವರ ಬೆನ್ನು ಬಿದ್ದವರು ಅವರು. ಹಿಟ್ಟು ಮತ್ತು ನೀರನ್ನಷ್ಟೇ ಕಲಸಿ ಇಪ್ಪತ್ತು ಮೂವತ್ತು ನಿಮಿಷ ಸುಮ್ಮನೆ ಬಿಟ್ಟರೆ ಆಮೇಲೆ ನಾದುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ ಎಂದು 1974ರಲ್ಲಿ ತೋರಿಸಿಕೊಟ್ಟರು. ಆ ಅರ್ಧ ಗಂಟೆಯನ್ನು ಒಂದು ಇಡೀ ರಾತ್ರಿಗೆ ಹಿಗ್ಗಿಸಿದರೆ ನಾದುವುದು ಸೊನ್ನೆಗೆ ಇಳಿಯುತ್ತದೆ.

ರಾತ್ರಿಯಿಡೀ ನಡೆಯುವುದು ನೆನೆಯುವುದಷ್ಟೇ ಅಲ್ಲ. ಒಂದು ಗ್ರಾಂ ಒಣ ಯೀಸ್ಟಿನಲ್ಲಿ ಸಾವಿರ ಕೋಟಿಗೂ ಮಿಕ್ಕಿ ಜೀವಕೋಶಗಳಿರುತ್ತವೆ. ಹಿಟ್ಟಿನ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡಿಕೊಡುತ್ತವೆ, ಯೀಸ್ಟ್ ಅದನ್ನು ತಿಂದು ಕಾರ್ಬನ್ ಡೈಆಕ್ಸೈಡನ್ನೂ ಆಲ್ಕೊಹಾಲನ್ನೂ ಬಿಡುತ್ತದೆ. ಅನಿಲ ತುಂಬಿದ ಗುಳ್ಳೆಗಳು ಉಬ್ಬುತ್ತಾ ಸುತ್ತಲಿನ ಗ್ಲುಟೆನ್ನನ್ನು ಎಲ್ಲ ದಿಕ್ಕಿಗೂ ನಿಧಾನವಾಗಿ ಎಳೆಯುತ್ತವೆ. ಹೊರಗಿನ ಕೈ ಬಿಟ್ಟ ಕೆಲಸವನ್ನು ಒಳಗಿನ ಗುಳ್ಳೆಗಳು ಮಾಡುತ್ತಿವೆ. ಒಂದು ಲೆಕ್ಕದಲ್ಲಿ ನಾದದ ಬ್ರೆಡ್ಡೂ ನಾದಿದ್ದೇ.

ಆದರೆ ಯೀಸ್ಟ್ ಹೊಸ ಗುಳ್ಳೆಯನ್ನು ಹುಟ್ಟಿಸಲಾರದು! ನನಗೆ ಇದನ್ನು ಓದಿದಾಗ ನಂಬಿಕೆಯೇ ಬಂದಿರಲಿಲ್ಲ. ಅತಿ ಚಿಕ್ಕ ಗುಳ್ಳೆಯೊಳಗಿನ ಒತ್ತಡ ಅತಿ ಹೆಚ್ಚು. ಗುಳ್ಳೆ ಸಣ್ಣದಾದಷ್ಟೂ ಅದನ್ನು ಹಿಂಡುವ ಮೇಲ್ಮೈ ಸೆಳೆತ ಜೋರು. ಸೊನ್ನೆ ಗಾತ್ರದಿಂದ ಗುಳ್ಳೆ ಹುಟ್ಟಬೇಕಾದರೆ ಯೀಸ್ಟ್ ಕೊಡಲಾಗದಷ್ಟು ಒತ್ತಡ ಬೇಕು. ಹಾಗಾಗಿ ಅನಿಲ ಹಿಟ್ಟಿನ ನೀರಿನಲ್ಲಿ ಕರಗಿ, ಕಲಸುವಾಗಲೇ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳೊಳಗೆ ಹೋಗಿ ಸೇರುತ್ತದೆ. ಗಾಳಿಯಿಲ್ಲದ ನಿರ್ವಾತದಲ್ಲಿ ಹಿಟ್ಟು ಕಲಸಿ ಇದನ್ನು 1941ರಲ್ಲಿ ತೋರಿಸಿದ ಅಮೆರಿಕದ ಇಬ್ಬರು ಸಂಶೋಧಕರಲ್ಲಿ ಒಬ್ಬರ ಅಡ್ಡಹೆಸರು ಬೇಕರ್, ಇನ್ನೊಬ್ಬರದು ಮೈಝ್. ವಿಜ್ಞಾನದ ಚರಿತ್ರೆಗೂ ಒಮ್ಮೊಮ್ಮೆ ತಮಾಷೆಯ ಬುದ್ಧಿ ಬರುತ್ತದೆ.

ಬ್ರೆಡ್ಡಿನ ತೂತುಗಳ ಗುಟ್ಟು ಇರುವುದು ಇಲ್ಲಿ. ಚೆನ್ನಾಗಿ ನಾದಿದರೆ ಗಾಳಿ ಅಸಂಖ್ಯ ಸಣ್ಣ ಗುಳ್ಳೆಗಳಾಗಿ ಒಡೆದು ಹಂಚಿಹೋಗುತ್ತದೆ. ತಿರುಳು ಹತ್ತಿಯಂತೆ ನುಣ್ಣಗೆ ಬರುತ್ತದೆ. ನಾದದ ಹಿಟ್ಟಿನಲ್ಲಿ ಗುಳ್ಳೆಗಳು ಕಡಿಮೆ, ಒಂದೊಂದು ಒಂದೊಂದು ಗಾತ್ರ. ಅಷ್ಟೂ ಅನಿಲ ಆ ಕೆಲವಕ್ಕೇ ಹೋಗುತ್ತದೆ. ಸಣ್ಣ ಗುಳ್ಳೆಯ ಅನಿಲ ದೊಡ್ಡದರೊಳಗೆ ನುಸುಳಿ ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಮೆತ್ತನೆ ಬ್ರೆಡ್ಡಿಗೆ ಬೆಣ್ಣೆ ಸವರಿ ಖಾರಾ ಪಲ್ಯ ಇಟ್ಟು ತಿನ್ನುವ ಸುಖ ಬೇಕಿದ್ದರೆ ಈ ವಿಧಾನ ನಿಮಗಲ್ಲ. ಅಲ್ಲಿ ನಾದಲೇಬೇಕು. ತೂತಿನ ಬ್ರೆಡ್ಡಿನ ಮೇಲೆ ಪಲ್ಯ ಇಟ್ಟರೆ ಅರ್ಧ ತಟ್ಟೆಗೆ ಬೀಳುತ್ತದೆ.

ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗಿ ಉಕ್ಕುವುದನ್ನು ಕಂಡವರಿಗೆ ಇದೆಲ್ಲ ಪರಿಚಿತವೆನಿಸಬಹುದು. ಹೋಲಿಕೆ ಇದೆ, ವ್ಯತ್ಯಾಸವೂ ಇದೆ. ಅಲ್ಲಿ ಅನಿಲ ಕೊಡುವವು ಹೆಚ್ಚಾಗಿ ಬ್ಯಾಕ್ಟೀರಿಯಾಗಳು. ಹಿಡಿದಿಡುವುದು ಗ್ಲುಟೆನ್ ಅಲ್ಲ, ಉದ್ದಿನಬೇಳೆಯ ಲೋಳೆ ಮತ್ತು ಅದರ ಪ್ರೋಟೀನು. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ: ಎರಡಕ್ಕೂ ಗಡಿಯಾರ ಗೊತ್ತಿಲ್ಲ, ಸೆಕೆ ಗೊತ್ತು.

ಇದನ್ನು ನಾನು ಕಲಿತದ್ದು ಒಂದು ಏಪ್ರಿಲ್‌ನಲ್ಲಿ, ರಾಯಚೂರಿನ ಗೆಳತಿಯ ಮನೆಯಲ್ಲಿ. ಪುಸ್ತಕದಲ್ಲಿ ಹದಿನೆಂಟು ಗಂಟೆ ಎಂದಿದ್ದರೆ ಹದಿನೆಂಟು ಗಂಟೆ ಎಂದು ಹಿಂದಿನ ಮಧ್ಯಾಹ್ನವೇ ಕಲಸಿಟ್ಟಿದ್ದೆ. ಬೆಳಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ, ಮೇಲೆ ನೀರು, ಅಡಿಯಲ್ಲಿ ಬೂದುಬಣ್ಣದ ಗಂಜಿ. ಗೆಳತಿಯ ಅಜ್ಜಿ ಇಣುಕಿ ನೋಡಿ, ‘ಅಲ್ಲವ್ವಾ, ಅಂಬ್ಲಿ ಮಾಡಾಕ ಇಟ್ಟಿಯೇನು?’ ಎಂದರು. ತಪ್ಪು ನನ್ನದೇ. ಲೇಹಿಯ ಹದಿನೆಂಟು ಗಂಟೆ ನ್ಯೂಯಾರ್ಕಿನ 21 ಡಿಗ್ರಿ ಸೆಲ್ಸಿಯಸ್ಸಿನ ಅಡುಗೆಮನೆಯದು. ಪ್ರತಿ ಹತ್ತು ಡಿಗ್ರಿ ಸೆಕೆಗೆ ಹುದುಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ರಾತ್ರಿಯೂ ಮೂವತ್ತರ ಮೇಲಿರುವ ಮನೆಯಲ್ಲಿ ಹದಿನೆಂಟು ಗಂಟೆಯ ಕೆಲಸ ಒಂಬತ್ತಕ್ಕೇ ಮುಗಿದಿರುತ್ತದೆ. ಮಿಕ್ಕ ಹೊತ್ತಿನಲ್ಲಿ ಹುಳಿ ಏರುತ್ತದೆ, ಪ್ರೋಟೀನ್ ಕತ್ತರಿಸುವ ಕಿಣ್ವಗಳು ಕಟ್ಟಿದ ಜಾಲವನ್ನೇ ಕಡಿದು ಹಾಕುತ್ತವೆ. ಈಗ ಬೇಸಿಗೆಯಲ್ಲಿ ಯೀಸ್ಟನ್ನು ಅರ್ಧಕ್ಕಿಳಿಸಿ, ಮಡಕೆಯ ತಣ್ಣೀರು ಹಾಕಿ, ರಾತ್ರಿ ಮಲಗುವ ಮುಂಚೆ ಕಲಸುತ್ತೇನೆ. ಹಿಟ್ಟು ಎರಡುಪಟ್ಟಾಗಿ ಮೇಲೆಲ್ಲ ಗುಳ್ಳೆ ಎದ್ದರೆ ಸಾಕು, ಗಡಿಯಾರ ನೋಡುವುದಿಲ್ಲ.

ಹಿಟ್ಟಿನದೂ ಒಂದು ಮಾತು. ಲೇಹಿ ಹೇಳುವುದು ಪ್ರೋಟೀನ್ ಹೆಚ್ಚಿರುವ ಬ್ರೆಡ್ ಹಿಟ್ಟು. ನಮ್ಮ ಕಿರಾಣಿ ಅಂಗಡಿಯ ಮೈದಾ ಅಷ್ಟು ಗಟ್ಟಿಯದಲ್ಲ. 300ರ ಬದಲು 280 ಗ್ರಾಂ ನೀರಿನಿಂದ ಶುರುಮಾಡುವುದು ಕ್ಷೇಮ. ಗಿರಣಿಯ ಗೋಧಿಹಿಟ್ಟು ತದ್ವಿರುದ್ಧ. ಕಲ್ಲಿನ ನಡುವೆ ಬಿಸಿಯಾಗಿ ಅರೆಯುವಾಗ ಪಿಷ್ಟದ ಕಣಗಳು ಜಜ್ಜಿಹೋಗಿ ಹೆಚ್ಚು ನೀರು ಕುಡಿಯುತ್ತವೆ. ಚಪಾತಿ ಮೃದುವಾಗಿರುವುದಕ್ಕೆ ಇದೇ ಕಾರಣ. ಆದರೆ ಬ್ರೆಡ್ಡಿನಲ್ಲಿ ಹೊಟ್ಟಿನ ಚೂಪು ಚೂರುಗಳು ಗುಳ್ಳೆಯ ಗೋಡೆಯನ್ನು ಚುಚ್ಚುತ್ತವೆ. ಮೈದಾಕ್ಕೆ ಕಾಲುಭಾಗ ಗೋಧಿಹಿಟ್ಟು ಬೆರೆಸಿದರೆ ರುಚಿಯೂ ಉಳಿಯುತ್ತದೆ, ಎತ್ತರವೂ ಉಳಿಯುತ್ತದೆ. ಉತ್ತರ ಕರ್ನಾಟಕದ ಜವೆಗೋಧಿಯಲ್ಲಿ ಮಾಡಹೋದವರಿದ್ದಾರೆ. ಮಾದಲಿಗೆ, ಹುಗ್ಗಿಗೆ ಅದನ್ನು ಮೀರಿಸುವ ಗೋಧಿಯಿಲ್ಲ. ಬ್ರೆಡ್ಡಾಗಿ ಎದ್ದು ನಿಲ್ಲಲು ಬೇಕಾದ ಗುಣ ಮಾತ್ರ ಅದರ ಗ್ಲುಟೆನ್ನಿಗೆ ಕಮ್ಮಿ.

ಹುದುಗಿದ ಹಿಟ್ಟನ್ನು ಮಣೆಯ ಮೇಲೆ ಸುರಿದು, ನಾಲ್ಕು ಕಡೆಯಿಂದ ಮಡಚಿ, ಬಟ್ಟೆಯ ಮೇಲೆ ಇನ್ನೊಂದೆರಡು ಗಂಟೆ ಬಿಡುವುದು. ಆಮೇಲೆ ಬೆಂಕಿ.

ಮನೆಯ ಬ್ರೆಡ್ಡು ಬೇಕರಿಯ ಬ್ರೆಡ್ಡಿನಂತೆ ಯಾಕಾಗುವುದಿಲ್ಲ ಎಂಬುದಕ್ಕೆ ಉತ್ತರ ಹಬೆಯಲ್ಲಿದೆ. ಗರಿಗರಿ ಬ್ರೆಡ್ ಸುಡುವ ಬೇಕರಿಗಳ ಓವನ್ನಿನಲ್ಲಿ ಮೊದಲ ಕೆಲವು ನಿಮಿಷ ಹಬೆ ಹಾಯಿಸುತ್ತಾರೆ. ಆಸ್ಟ್ರಿಯಾದ ಆಗಸ್ಟ್ ಝಾಂಗ್ 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದು ಹೆಸರು ಮಾಡಿದ್ದರ ಹಿಂದೆಯೂ ಹಬೆಯ ಒಲೆಯಿತ್ತು. ಒಣ ಓವನ್ನಿಗೆ ಹಿಟ್ಟು ಹೋದರೆ ಮೇಲ್ಮೈ ಮೊದಲೇ ಒಣಗಿ ಚಿಪ್ಪಾಗುತ್ತದೆ, ಒಳಗಿನದು ಉಬ್ಬಲು ಬಿಡುವುದಿಲ್ಲ. ಹಬೆಯಿದ್ದರೆ ಅದು ತಣ್ಣಗಿನ ಹಿಟ್ಟಿನ ಮೇಲೆ ನೀರಾಗಿ ಇಳಿಯುತ್ತದೆ. ಇಳಿಯುವಾಗ ಕೊಡುವ ಕಾವು ಅಪಾರ, ಪ್ರತಿ ಗ್ರಾಂಗೆ ಸುಮಾರು 2260 ಜೂಲ್. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ಹೊಡೆದರೆ ಬಿಸಿಗಾಳಿಗಿಂತ ಎಷ್ಟು ಹೆಚ್ಚು ಸುಡುತ್ತದೆ ಎಂಬುದು ಗೊತ್ತಿದ್ದದ್ದೇ. ಹೀಗೆ ಮೇಲ್ಮೈ ಒದ್ದೆಯಾಗಿ, ಹಿಗ್ಗುವಂತೆ ಉಳಿಯುತ್ತದೆ. ಅಲ್ಲಿನ ಪಿಷ್ಟ ಗಂಜಿಯಾಗಿ ತೆಳು ಪದರ ಕಟ್ಟುತ್ತದೆ. ಬ್ರೆಡ್ಡಿನ ಮೇಲೆ ಮುಂದೆ ಕಾಣುವ ಹೊಳಪು ಅದರದು.

ಮನೆಯ ಓವನ್ನಿನಲ್ಲಿ ಹಬೆ ನಿಲ್ಲುವುದಿಲ್ಲ, ಸಂದುಗಳಿಂದ ಹೋಗಿಬಿಡುತ್ತದೆ. ತಟ್ಟೆಯಲ್ಲಿ ನೀರಿಡುವವರಿದ್ದಾರೆ, ನೀರು ಚಿಮುಕಿಸುವವರಿದ್ದಾರೆ. ನಾನೂ ಮಾಡಿ ಗಾಜಿನ ಬಾಗಿಲು ಸೀಳಿಸಿಕೊಂಡಿದ್ದೇನೆ. ಲೇಹಿಯ ಉಪಾಯ ಎಷ್ಟು ಸರಳ ಎಂದರೆ ಸಿಟ್ಟು ಬರುತ್ತದೆ: ಹಿಟ್ಟಿನಲ್ಲೇ ಇರುವ ನೀರನ್ನು ಮುಚ್ಚಳದಿಂದ ತಡೆದುಬಿಡುವುದು. ಲೆಕ್ಕ ಹಾಕಿ. ಒಂದು ಗ್ರಾಂ ನೀರು 230 ಡಿಗ್ರಿಯಲ್ಲಿ ಎರಡು ಲೀಟರಿಗೂ ಹೆಚ್ಚು ಹಬೆಯಾಗುತ್ತದೆ. ನಾಲ್ಕು ಲೀಟರ್ ಪಾತ್ರೆ ತುಂಬಲು ಎರಡು ಗ್ರಾಂ ಸಾಕು, ಅರ್ಧ ಟೀ ಚಮಚಕ್ಕಿಂತ ಕಡಿಮೆ. ಹಿಟ್ಟಿನಲ್ಲಿರುವುದು ಮುನ್ನೂರು ಗ್ರಾಂ.

ಪಾತ್ರೆ ಬೀಡಿನದಾದರೆ ಶ್ರೇಷ್ಠ; ದಪ್ಪ ಲೋಹ ಅರ್ಧ ಗಂಟೆ ಕಾದು ಹೀರಿಕೊಂಡ ಕಾವನ್ನು ಹಿಟ್ಟು ಬಿದ್ದ ತಕ್ಷಣ ಒಮ್ಮೆಗೇ ಕೊಡುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಬರಿದಾಗಿ ಕಾಯಿಸಬಾರದು, ಪ್ಲಾಸ್ಟಿಕ್ ಹಿಡಿಯ ಮುಚ್ಚಳ ಹಾಳಾಗುತ್ತದೆ, ಕುಕ್ಕರಿನ ಗ್ಯಾಸ್ಕೆಟ್ ಕೂಡ. ಓಟಿಜಿ (ಮನೆಯ ಪುಟ್ಟ ವಿದ್ಯುತ್ ಓವನ್) ಕೊಳ್ಳುವ ಮುಂಚೆ ಪಾತ್ರೆ ಅದರೊಳಗೆ ಹಿಡಿಸುತ್ತದೆಯೇ ಎಂದು ಅಳೆದು ನೋಡಿ, ನಾನು ನೋಡಿರಲಿಲ್ಲ.

ಮುಚ್ಚಳದ ಕೆಳಗೆ ಮೊದಲ ಹತ್ತು ನಿಮಿಷ ಅವಸರದ ನಾಟಕ. ಕಾವು ಏರಿದಂತೆ ಯೀಸ್ಟ್ ಹುಚ್ಚೆದ್ದು ಕೆಲಸ ಮಾಡಿ 55–60 ಡಿಗ್ರಿಗೆ ಸಾಯುತ್ತದೆ. ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಆಲ್ಕೊಹಾಲ್ ಆವಿಯಾಗುತ್ತದೆ, ಗುಳ್ಳೆಗಳೆಲ್ಲ ಹಿಗ್ಗುತ್ತವೆ. ಅರವತ್ತು ಡಿಗ್ರಿಯ ಆಸುಪಾಸು ಪಿಷ್ಟ ನೀರು ಹೀರಿ ಊದಿಕೊಳ್ಳುತ್ತದೆ. ಎಪ್ಪತ್ತು ದಾಟಿದ ಮೇಲೆ ಗ್ಲುಟೆನ್ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ಈ ಹೊತ್ತಿಗೆ ಗುಳ್ಳೆಗಳ ಗೋಡೆ ಒಡೆದು ಒಂದಕ್ಕೊಂದು ದಾರಿಯಾಗಿರುತ್ತದೆ. ಮುಚ್ಚಿದ ಗುಳ್ಳೆಗಳ ನೊರೆ ಹೋಗಿ ತೆರೆದ ತೂತುಗಳ ಸ್ಪಂಜು ಬಂದಿರುತ್ತದೆ. ಹಾಗಾಗದಿದ್ದರೆ ಒಲೆಯಿಂದ ತೆಗೆದು ತಣಿದ ಕೂಡಲೇ ಬ್ರೆಡ್ಡು ಗಾಳಿ ಹೋದ ಬಲೂನಿನಂತೆ ಕುಸಿಯುತ್ತಿತ್ತು.

ಅರ್ಧ ಗಂಟೆಗೆ ಮುಚ್ಚಳ ತೆಗೆದಾಗ ಕಾಣುವುದು ಬಿಳಿಚಿದ, ಉಬ್ಬಿದ ಉಂಡೆ. ಬಣ್ಣ ಬರುವುದು ಆಮೇಲಿನ ಕಾಲು ಗಂಟೆಯಲ್ಲಿ. ಒಳಗಿನ ತಿರುಳು ನೀರಿರುವವರೆಗೂ ನೂರು ಡಿಗ್ರಿ ದಾಟಲಾರದು. ಹೊರಮೈ ಒಣಗಿ 150 ದಾಟುತ್ತದೆ. ಅಲ್ಲಿ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. ಫ್ರೆಂಚ್ ವೈದ್ಯ-ರಸಾಯನಜ್ಞ ಲೂಯಿ ಕಮಿಯ್ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ದೋಸೆ ಕೆಂಪಗಾಗುವುದೂ ಕಾಫಿಬೀಜ ಘಮ್ಮೆನ್ನುವುದೂ ಇದರಿಂದಲೇ. ಇಡೀ ರಾತ್ರಿ ಕಿಣ್ವಗಳು ಸಕ್ಕರೆಯನ್ನೂ ಅಮೈನೊ ಆಮ್ಲಗಳನ್ನೂ ಬಿಡಿಸಿಟ್ಟಿರುವುದರಿಂದ ನಾದದ ಬ್ರೆಡ್ಡಿನ ಬಣ್ಣ ಗಾಢ.

ಆ ಸಂಯುಕ್ತಗಳಲ್ಲಿ ಒಂದರ ಹೆಸರು 2-ಅಸಿಟೈಲ್-1-ಪಿರೋಲಿನ್. ನೀರಿನಲ್ಲಿ ಶತಕೋಟಿಗೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುವಂಥದ್ದು. 1980ರ ದಶಕದಲ್ಲಿ ಬೇರೆ ಬೇರೆ ವಿಜ್ಞಾನಿಗಳು ಇದನ್ನು ಎರಡು ಕಡೆ ಕಂಡುಹಿಡಿದರು: ಬೆಂದ ಗೋಧಿ ಬ್ರೆಡ್ಡಿನ ಹೊರಪದರದಲ್ಲಿ ಮತ್ತು ಅದಕ್ಕೂ ಮೊದಲು, ಪರಿಮಳದ ಅಕ್ಕಿಯಲ್ಲಿ. ಬಾಸ್ಮತಿಯ ಘಮ ಇದರದೇ. ಯುರೋಪಿನವರು ಮುಂಜಾನೆ ಬೇಕರಿಯ ಮುಂದೆ ಹಾದಾಗ ಉಸಿರೆಳೆಯುವುದೂ ನಾವು ಸಣ್ಣಕ್ಕಿ ಅನ್ನದ ಮುಚ್ಚಳ ತೆಗೆದಾಗ ಉಸಿರೆಳೆಯುವುದೂ ಒಂದೇ ಅಣುವಿಗೆ.

ಇಷ್ಟಕ್ಕೆ ಕರೆಂಟಿನ ಲೆಕ್ಕ ಹೇಳದಿದ್ದರೆ ಮೋಸವಾಗುತ್ತದೆ. 1500 ವಾಟ್ ಓಟಿಜಿಯನ್ನು ಕಾಯಿಸುವುದೂ ಸುಡುವುದೂ ಸೇರಿ ಒಂದೂಕಾಲು ಗಂಟೆ ಉರಿಸಿದರೆ ಒಂದು ಬ್ರೆಡ್ಡಿಗೆ ಎರಡು ಯುನಿಟ್ಟಿಗೆ ತುಸು ಕಡಿಮೆ. ಚಾರ್ಲಿವುಡ್ಡಿನ ಯಂತ್ರ ನಾದಲು ಖರ್ಚು ಮಾಡುವ 11 ವಾಟ್-ಗಂಟೆ ಇದರ ಮುಂದೆ ಪುಡಿಗಾಸು. ನಾವು ಉಳಿಸಿದ್ದು ತೋಳಿನ ಶ್ರಮವನ್ನು, ಬೆಸ್ಕಾಂ ಬಿಲ್ಲನ್ನಲ್ಲ.

ಈಗ ಹೆಸರಿನ ಎರಡನೆಯ ಅರ್ಥ. ಬ್ರೆಡ್ಡನ್ನು ಪಾತ್ರೆಯಿಂದ ತೆಗೆದು ಜಾಲರಿಯ ಮೇಲಿಟ್ಟು ಫ್ಯಾನ್ ಆರಿಸಿ ಕಿವಿಗೊಡಿ. ಮೊದಲು ಒಂದು ‘ಚಟ್’. ಮತ್ತೊಂದು. ಆಮೇಲೆ ಒಣ ತರಗೆಲೆಯ ಮೇಲೆ ಯಾರೋ ನಡೆದಂತೆ ಚಿಟಪಟ ಶುರುವಾಗಿ ಕೆಲವು ನಿಮಿಷ ನಿಲ್ಲುವುದೇ ಇಲ್ಲ. ಬ್ರೆಡ್ಡು ಹಾಡುತ್ತಿದೆ ಎನ್ನುತ್ತಾರೆ ಬೇಕರಿಯವರು. ಒಣಗಿದ ಹೊರಪದರ ಭೌತವಿಜ್ಞಾನದ ಲೆಕ್ಕದಲ್ಲಿ ಗಾಜು: ಅಣುಗಳು ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿದ ಗಡಸು ಸ್ಥಿತಿ. ತಣಿಯುತ್ತಾ ಹೊರಪದರ ಕುಗ್ಗುತ್ತದೆ, ಒಳಗಿನ ಹಬೆ ನೀರಾಗಿ ತಿರುಳೂ ಕುಗ್ಗುತ್ತದೆ. ಬಾಗಲಾರದ ಗಾಜು ಬಿರುಕು ಬಿಡುತ್ತದೆ. ಒಂದೊಂದು ಸದ್ದೂ ಒಂದೊಂದು ಬಿರುಕು. ಹೊರಪದರ ತೆಳುವಾಗಿ ಮೆತ್ತಗಿದ್ದರೆ ಸದ್ದಿಲ್ಲ. ಸ್ಲೈಸ್ ಬ್ರೆಡ್ಡು ಹಾಡಿದ್ದನ್ನು ಯಾರೂ ಕೇಳಿಲ್ಲ.

ಈ ಗಾಜಿಗೆ ನೀರೇ ಶತ್ರು. ಹೊರಪದರದ ತೇವ ನೂರಕ್ಕೆ ಹತ್ತರ ಹತ್ತಿರ ಬಂದರೆ ಅದು ರಬ್ಬರಾಗುತ್ತದೆ. ಡಬ್ಬಿಯ ಹೊರಗೆ ಮರೆತ ಚಕ್ಕುಲಿಗೆ ಮಳೆಗಾಲದಲ್ಲಿ ಆಗುವುದು ಇದೇ. ಮಂಗಳೂರಿನ ಜುಲೈನಲ್ಲಿ ಬೆಳಗಿನ ಬ್ರೆಡ್ಡು ಮಧ್ಯಾಹ್ನದ ಊಟಕ್ಕೇ ಚರ್ಮದಂತಾದದ್ದನ್ನು ಕಂಡಿದ್ದೇನೆ. ಆದರೆ ತಿರುಳು ಗಟ್ಟಿಯಾಗುವುದು ಬೇರೆಯೇ ಕತೆ, ಅದು ಒಣಗುವುದರಿಂದಲ್ಲ. ಫ್ರಾನ್ಸಿನ ರಸಾಯನಜ್ಞ ಬುಸಾಂಗೊ 1852ರಲ್ಲೇ ಗಾಳಿಯಾಡದಂತೆ ಮುಚ್ಚಿಟ್ಟ, ನೀರು ಕಳೆದುಕೊಳ್ಳದ ಬ್ರೆಡ್ಡೂ ಹಳತಾಗಿ ಗಟ್ಟಿಯಾಗುತ್ತದೆ ಎಂದು ತೋರಿಸಿದ್ದರು. ಬೆಂದು ಸಡಿಲಗೊಂಡ ಪಿಷ್ಟದ ಎಳೆಗಳು ತಣಿದ ಮೇಲೆ ಮತ್ತೆ ಸಾಲುಗಟ್ಟಿ ಹರಳಾಗುತ್ತವೆ. ಇದು ಎಲ್ಲಕ್ಕಿಂತ ಬೇಗ ನಡೆಯುವುದು ಫ್ರಿಜ್ಜಿನ ಚಳಿಯಲ್ಲಿ. ಫ್ರಿಜ್ಜಿನಲ್ಲಿಟ್ಟ ಅನ್ನ ಕಲ್ಲುಕಲ್ಲಾಗುವಂತೆ. ಹಾಗಾಗಿ ಬ್ರೆಡ್ಡನ್ನು ಫ್ರಿಜ್ಜಿಗೆ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿ ಕಟ್ಟೆಯ ಮೇಲಿಡಿ, ಇಲ್ಲವೇ ಹೋಳು ಮಾಡಿ ಫ್ರೀಜರಿಗೇ ಹಾಕಿ.

ಅರವತ್ತು ಡಿಗ್ರಿ ದಾಟಿಸಿದರೆ ಆ ಹರಳುಗಳು ಕರಗುತ್ತವೆ; ಹಾಗೆ ಕಾಯಿಸಿದ ಬ್ರೆಡ್ಡು ಮತ್ತೆ ಮೆತ್ತಗಾಗುವುದೂ ಬುಸಾಂಗೊ ಕಂಡದ್ದೇ. ಮೂರನೆಯ ದಿನದ ಹೋಳನ್ನು ಕಾವಲಿಯ ಮೇಲೆ ತುಪ್ಪ ಸವರಿ ಎರಡೂ ಕಡೆ ಕೆಂಪಗೆ ಸುಟ್ಟು, ಚಟ್ನಿಪುಡಿ ಉದುರಿಸಿ, ಬಿಸಿಯಿರುವಾಗಲೇ ತಿನ್ನಬೇಕು. ತಣಿದರೆ ಪಿಷ್ಟ ಮತ್ತೆ ಸಾಲುಗಟ್ಟುತ್ತದೆ. ಕಾವಲಿಯ ಮೇಲೆ ನೀರೂ ಒಂದಿಷ್ಟು ಆರಿಹೋಗಿರುವುದರಿಂದ ಈ ಸಲ ಗಟ್ಟಿಯಾಗುವುದು ಇನ್ನೂ ಬೇಗ.